ಟೊಳ್ಳು ಗೋಡೆಗೆ ಹಾಕಿದ ಸ್ಪೀಕರು

ನಾನು ಹೆಬ್ಬಾಳದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಅಕ್ಕ ಪೀಣ್ಯದ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದಾಳೆ. ಧಾರವಾಡದಿಂದ ಬಂದ ನಾವಿಬ್ಬರೂ ಆರು ವರ್ಷ ಸಹಕಾರನಗರದ ಬಾಡಿಗೆ ಮನೆಯೊಂದರಲ್ಲಿ ಒಟ್ಟಿಗೆ ಇದ್ದೆವು. ಬೆಳಿಗ್ಗೆ ಕಂಪನಿ ಬಸ್ಸು ಹಿಡಿಯುವ ಮೊದಲು ಅವಳು ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿ, ಹಾರ್ಮೋನಿಯಂ ಮುಂದೆ ಕೂತು ಒಂದು ತಾಸು ಹಾಡುತ್ತಿದ್ದಳು. ಅವಳಿಗೆ ಸಂಗೀತ ಕಲಿಸಿದ ಮೇಷ್ಟ್ರು, ತಮ್ಮ ಕೈ ನಡುಗಲು ಶುರುವಾದಾಗ ಕರೆದು ಕೊಟ್ಟ ಪೆಟ್ಟಿಗೆ ಅದು.

ಎರಡು ವರ್ಷದ ಹಿಂದೆ ನಾನೊಂದು ಜೋಡಿ ಸ್ಪೀಕರ್ ತಂದೆ. ಪುಸ್ತಕದ ಕಪಾಟಿನಲ್ಲಿ ಇಡುವಂಥವು, ಒಂದೊಂದೂ ಐದು ಕೆಜಿಗೆ ಕಡಿಮೆಯಿಲ್ಲ. ಕಪಾಟಿನಲ್ಲಿ ಜಾಗವಿರಲಿಲ್ಲ. ಗೋಡೆಗೇ ಹಾಕೋಣವೆಂದು ಕಬ್ಬಿಣದ ಬ್ರಾಕೆಟ್ ತಂದು, ಸಹೋದ್ಯೋಗಿಯೊಬ್ಬರಿಂದ ಡ್ರಿಲ್ ಕೇಳಿ ತಂದೆ.

ಅಕ್ಕ ಬೆರಳು ಮಡಚಿ ಗೋಡೆ ಬಡಿದು ನೋಡಿದಳು. "ಇದು ಟೊಳ್ಳ ಸಪ್ಪಳ ಮಾಡ್ತದಲ್ಲೋ. ಕಿಟಕಿ ಕಡೆ ಗ್ವಾಡಿಗೆ ಹಾಕು."

"ಅಲ್ಲಿತನಕ ವೈರ್ ಮುಟ್ಟಂಗಿಲ್ಲ."

"ಉದ್ದಂದು ತಂದ್ರಾತು."

"ಫಿಸಿಕ್ಸ್ ನಾ ಕಲಸ್ತೀನೋ, ನೀ ಕಲಸ್ತೀಯೋ?" ಎಂದೆ. ಅವಳು ನಕ್ಕು ಒಳಗೆ ಹೋದಳು.

ಪ್ರತಿ ಬ್ರಾಕೆಟ್ಟಿಗೆ ನಾಲ್ಕು ಸ್ಕ್ರೂ. ಒಂದು ಬ್ರಾಕೆಟ್ ಸುಮಾರಾಗಿ ಕೂತಿತು. ಎರಡನೆಯದಕ್ಕೆ ತೂತು ಕೊರೆಯುವಾಗ ಡ್ರಿಲ್ ಒಮ್ಮೆಲೇ ಒಳಕ್ಕೆ ಜಾರಿತು. ಸ್ಕ್ರೂ ಬಿಗಿ ಮಾಡಿದಷ್ಟೂ ಪ್ಲಾಸ್ಟಿಕ್ ಪ್ಲಗ್ ಅದರ ಜೊತೆಗೇ ಗಿರಗಿರ ತಿರುಗಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ತೂತಿಗೆ ಬೆಂಕಿಕಡ್ಡಿ ತುರುಕಿ, ಸ್ಕ್ರೂ ಹಿಡಿದಂತೆ ಅನ್ನಿಸುವವರೆಗೆ ತಿರುಗಿಸಿ, ಸ್ಪೀಕರ್ ಕೂರಿಸಿಬಿಟ್ಟೆ. ಅದರ ನೇರ ಕೆಳಗೆ ಅಕ್ಕನ ಚಾಪೆ, ಹಾರ್ಮೋನಿಯಂ.

"ಗಟ್ಟಿ ಅದ ಏನು?" ಎಂದು ಅವಳು ಅಡುಗೆಮನೆಯಿಂದಲೇ ಕೇಳಿದಳು.

"ಆನಿ ಜೋತುಬಿದ್ರೂ ಕಳಚಂಗಿಲ್ಲ."

ಹನ್ನೊಂದು ದಿನ ತಡೆಯಿತು. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಅಕ್ಕ ಆಗಲೇ ಬಂದು ನೆಲದ ಮೇಲೆ ಕೂತಿದ್ದಳು. ಇಬ್ಬರೂ ಹೊರಗಿದ್ದಾಗ ಸ್ಪೀಕರ್ ಬ್ರಾಕೆಟ್ ಸಮೇತ ಹಾರ್ಮೋನಿಯಂ ಮೇಲೆ ಬಿದ್ದಿತ್ತು. ಮೇಲಿನ ಹಲಗೆ ಸೀಳಿತ್ತು, ತಿದಿ ಹರಿದಿತ್ತು. ಮುರಿದ ಚೂರುಗಳನ್ನು ಅವಳು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

ಸದ್ದು ಕೇಳಿದ್ದ ಮನೆ ಓನರ್ ಅಜ್ಜಿ ಬಂದರು. ಅವರು ಕೊಡಿಗೇಹಳ್ಳಿಯ ಹಳೇ ಮನೆತನದವರು. "ಅಯ್ಯೋ, ಒಂದ್ ಮನೆನ ಎರಡು ಮಾಡಾಕೆ ಆಮ್ಯಾಲೆ ಕಟ್ಸಿದ್ ಗೋಡೆ ಕಣಪ್ಪ ಅದು. ಒಳಗೆಲ್ಲಾ ಪೊಳ್ಳು. ಒಂದ್ ಮಾತು ಕೇಳೋದಲ್ವಾ? ಇಂಗಾ ಮಾಡೋದು?"

ನನಗೆ ಆ ಮಾತೇ ಸಾಕಾಯಿತು. "ನೋಡಕ್ಕಾ, ಗ್ವಾಡಿನೇ ಸರಿ ಇಲ್ಲಂತ," ಎಂದೆ. ತಪ್ಪಾಯಿತು ಎನ್ನಲಿಲ್ಲ. ಅಕ್ಕ ನನ್ನ ಮುಖ ನೋಡಿದಳು, ಮತ್ತೆ ಚೂರು ಆರಿಸತೊಡಗಿದಳು.

ಯಶವಂತಪುರದ ರಿಪೇರಿಯವರ ಹತ್ತಿರ ಹಾರ್ಮೋನಿಯಂ ಒಂದು ತಿಂಗಳಿತ್ತು. "ರೆಡಿ ಆಗಿದೆ ಸಾರ್, ಆದ್ರೆ ಮೊದಲಿನ ನಾದ ಬರಲ್ಲ" ಎಂದೇ ಕೊಟ್ಟರು. ಅಕ್ಕ ಮೂರು ದಿನ ನುಡಿಸಿ ನೋಡಿ, ಬಟ್ಟೆ ಹೊದಿಸಿ ಇಟ್ಟಳು. ಬೆಳಿಗ್ಗೆ ಮನೆ ಸುಮ್ಮನಿರತೊಡಗಿತು. ನಾನು ಸ್ಪೀಕರುಗಳನ್ನು ಕಿಟಕಿ ಪಕ್ಕದ ಇಟ್ಟಿಗೆ ಗೋಡೆಗೆ ಸರಿಯಾಗಿ ಹಾಕಿದೆ. ತೂತಿನ ಪುಡಿ ಊದಿ ತೆಗೆದು, ಉದ್ದ ಸ್ಕ್ರೂ ಹಾಕಿ, ಬ್ರಾಕೆಟ್ ಹಿಡಿದು ಮೈಭಾರ ಬಿಟ್ಟು ಜಗ್ಗಿ ನೋಡಿದೆ. ಅರ್ಧ ದಿನದ ಕೆಲಸ, ಅಷ್ಟೆ. ಮೊದಲೇ ಮಾಡಬಹುದಿತ್ತು.

ಆರು ತಿಂಗಳಿಗೆ ಅಕ್ಕ ಬಾಗಲಗುಂಟೆಗೆ ಮನೆ ಬದಲಿಸಿದಳು. "ಆಫೀಸಿಗೆ ಸಮೀಪ ಆಗ್ತದ" ಎಂದಳು. ಅದು ಸುಳ್ಳಲ್ಲ. ಆದರೆ ಆರು ವರ್ಷ ಅವಳಿಗೆ ಆ ದೂರ ದೂರವೆನಿಸಿರಲಿಲ್ಲ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದಾಗ ಹೇಳಿಬಿಟ್ಟೆ. "ಅಕ್ಕಾ, ಅವತ್ತ ಸ್ಕ್ರೂ ಹಿಡದಿಲ್ಲಂತ ನನಗ ಗೊತ್ತಿತ್ತು."

"ನನಗೂ ಗೊತ್ತಿತ್ತು," ಎಂದಳು. "ಚೂರಿನಾಗ ಬೆಂಕಿಕಡ್ಡಿ ಸಿಕ್ಕಿದ್ವು. ನೀ ಹೇಳ್ತಿ ಅಂತ ಕಾಯ್ದೆ. ಪೆಟಗಿ ಒಡದದ್ದಕ್ಕ ಅಷ್ಟ ಸಿಟ್ಟ ಬರ್ಲಿಲ್ಲ ನನಗ."

ಅವಳು ಚಹಾ ಸೋಸಿ ಕೊಟ್ಟಳು, ಊಟಕ್ಕೆ ಇರು ಎಂದಳು. ಉಂಡೆ. ಈಗಲೂ ಹಾಡುತ್ತೀಯಾ ಎಂದು ಕೇಳಲು ಬಾಯಿ ಬರಲಿಲ್ಲ. ಬಸ್‌ಸ್ಟಾಪಿನವರೆಗೆ ಬಂದು ಕಳಿಸಿ ಹೋದಳು.