ಶಾಂತತ್ತೆಯ ಪಾಲಿಗೆ ಬಂದ ನಾಣ್ಯಗಳು

ಹುಣಸೆಹಣ್ಣಿನಿಂದ ತಾಮ್ರ ಉಜ್ಜುವಾಗ ಏಳುವ ಹುಳಿವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ನಾನು ಅರಸೀಕೆರೆಯ ನಮ್ಮ ಹಳೆಯ ಮನೆಯ ಹಿತ್ತಲಿಗೆ ಹೋಗಿ ನಿಂತುಬಿಡುತ್ತೇನೆ. ಅಟ್ಟದ ಮೇಲಿನ ಕೊಬ್ಬರಿಯ ಎಣ್ಣೆಗಂಪು ಆ ಮನೆಯನ್ನೆಲ್ಲ ತುಂಬಿಕೊಂಡಿರುತ್ತಿತ್ತು. ನಮ್ಮ ಬಟ್ಟೆಗೂ ಪುಸ್ತಕಕ್ಕೂ ಅದೇ ವಾಸನೆ. ದೀಪಾವಳಿಯ ಲಕ್ಷ್ಮೀಪೂಜೆಯ ಬೆಳಿಗ್ಗೆ ಮಾತ್ರ ಹುಣಸೆಯ ಹುಳಿ ಅದನ್ನು ಮೀರಿಸುತ್ತಿತ್ತು. ಅಂದು ತಾತ ದೇವರ ಗೂಡಿನಿಂದ ಹಿತ್ತಾಳೆಯ ಡಬ್ಬಿಯನ್ನು ಇಳಿಸಿಕೊಡುತ್ತಿದ್ದರು. ಅದರೊಳಗಿನ ಹಳೆಯ ನಾಣ್ಯಗಳನ್ನು ತೊಳೆಯುವ ಕೆಲಸ ನನ್ನ ಅಪ್ಪನ ಅಕ್ಕ ಶಾಂತತ್ತೆಯದು. ತಾಮ್ರಕ್ಕೆ ಹುಣಸೆ, ಬೆಳ್ಳಿಗೆ ವಿಭೂತಿ, ಚಿನ್ನಕ್ಕೆ ಬರೀ ನೀರು. ಮದುವೆ ಬೇಡವೆಂದು ಗಟ್ಟಿಯಾಗಿ ಹೇಳಿ, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ಅತ್ತೆಗೆ ಆ ಕೆಲಸವೇ ಹಬ್ಬ.

ತೊಳೆದದ್ದನ್ನೆಲ್ಲ ಮಣೆಯ ಮೇಲೆ ಕಾಲಕ್ಕೆ ತಕ್ಕಂತೆ ಜೋಡಿಸುತ್ತಿದ್ದಳು. ಮೊದಲು ಸಿಂಹವಿದ್ದ ಹೊಯ್ಸಳರ ಚಿನ್ನದ ಗದ್ಯಾಣ. ಆಮೇಲೆ ಶಿವಪಾರ್ವತಿ ಕುಳಿತ ವಿಜಯನಗರದ ವರಹ. ಉಸಿರು ಬಿಟ್ಟರೆ ಹಾರಿಹೋಗುವಂತಿದ್ದ, ಮೈಸೂರಿನ ಕಂಠೀರವರಾಯರ ಪುಟ್ಟ ಹಣ. ಹೈದರನ ವರಹ, ಟಿಪ್ಪುವಿನ ಆನೆಯ ಕಾಸು, ಕೊನೆಗೆ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ.

"ನೋಡೇ, ಹೈದರ ಬಂದ ಮೇಲೂ ವರಹದ ಮೇಲೆ ಶಿವಪಾರ್ವತೀನೇ ಉಳ್ಕೊಂಡ್ರು. ಹಿಂದುಗಡೆ ಅವನ ಹೆಸರಿನ ಒಂದಕ್ಷರ, ಅಷ್ಟೇ. ಸಂತೇಲಿ ಜನ ನಂಬಿ ಕೈಗೆ ತಗೋಬೇಕಲ್ವಾ? ಈ ರಾಣಿಗೆ ಆ ಯೋಚನೆನೇ ಇರ್ಲಿಲ್ಲ. ತನ್ನ ಮುಖಾನೇ ಕಳಿಸಿದ್ಲು," ಎನ್ನುತ್ತಿದ್ದಳು. ರಾಜ್ಯಗಳು ಬಂದು ಹೋದದ್ದನ್ನು ನಾನು ಕಲಿತದ್ದು ಆ ಮಣೆಯ ಮುಂದೆ, ಒದ್ದೆ ಬೆರಳುಗಳಲ್ಲಿ.

ತೊಂಬತ್ತರ ದಶಕದ ನಡುವೆ ತಾತ ತೀರಿಕೊಂಡರು. ವರ್ಷ ಕಳೆಯುವುದರೊಳಗೆ ಮನೆ ಪಾಲಾಯಿತು. ತೆಂಗಿನ ತೋಟ, ಕೊಬ್ಬರಿ ಮಂಡಿ, ಪಾತ್ರೆಪಡಗ ಎಲ್ಲದರ ಮಾತು ಮುಗಿದ ಮೇಲೆ ದೊಡ್ಡಪ್ಪ ಚಿನ್ನ ತೂಗುವ ಪುಟ್ಟ ತಕ್ಕಡಿ ತರಿಸಿ ಡಬ್ಬಿಯ ಮುಚ್ಚಳ ತೆಗೆದರು. ಅತ್ತೆ ಎದ್ದು ಬಂದಳು.

"ಅಣ್ಣಾ, ತೂಕಕ್ಕೆ ಹಾಕೋಕೆ ಇದೇನು ಕೊಬ್ಬರೀನಾ?"

"ಮತ್ತಿನ್ನೆಂಗಮ್ಮಾ ಪಾಲು ಮಾಡೋದು?"

"ಮಾಡ್ಲೇಬೇಡಿ. ತೋಟದಲ್ಲಿ ನನ್ನ ಪಾಲು ನೀವಿಬ್ರೂ ಇಟ್ಕೊಳ್ಳಿ. ಡಬ್ಬಿ ನನಗೆ ಕೊಡಿ."

ತೋಟದ ಪಾಲು ಬಿಡಬೇಡವೆಂದು ಅಪ್ಪ ಹೇಳಿದರು. ದೊಡ್ಡಪ್ಪ ತಂಗಿಯ ಮುಖ ನೋಡಿ ತಕ್ಕಡಿಯನ್ನು ಪಕ್ಕಕ್ಕಿಟ್ಟರು. ಅತ್ತೆ ಪಾಲುಪತ್ರಕ್ಕೆ ರುಜು ಹಾಕಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಮುಂಚೆ ಕಂಡಿರಲಿಲ್ಲ.

ಆಗ ಅವಳ ಕೆಲಸ ಬಿಕ್ಕೋಡಿನ ಕಡೆಯ ಒಂದು ಶಾಲೆಯಲ್ಲಿ, ವಾಸ ಬೇಲೂರಿನಲ್ಲಿ. ಅದೇ ಶಾಲೆಯಲ್ಲಿ ಓದಲೆಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ದಿನವೂ ಇಬ್ಬರೂ ಜೀಪಿನಲ್ಲಿ ಹೋಗಿಬರುತ್ತಿದ್ದೆವು. ಹೊಯ್ಸಳರ ಪಾಠ ಬಂದಾಗ ಅವಳು ಗದ್ಯಾಣವನ್ನೇ ತರಗತಿಗೆ ತಂದು, "ಹಳೇಬೀಡಿನ ಗುಡಿ ಕಟ್ಟಿದ ಕಾಲದ್ದು. ಮುಟ್ಟಿ ನೋಡಿ," ಎಂದು ಮೊದಲ ಬೆಂಚಿಗೆ ಕೊಟ್ಟಳು. ಕಾಫಿ ತೋಟದ ಕೂಲಿಯವರ ಮಕ್ಕಳೇ ಹೆಚ್ಚಿದ್ದ ತರಗತಿ ಅದು. ಅಷ್ಟು ಹಳೆಯ ಚಿನ್ನ ಕೈಯಿಂದ ಕೈಗೆ ಹೋಯಿತು. ಆದರೆ ಅದು ಕೊನೆಯ ಬೆಂಚನ್ನು ತಲುಪಲಿಲ್ಲ. ಬೆಂಚುಗಳ ಕೆಳಗೆ, ಕಿಟಕಿಯ ಹೊರಗೆ, ಎಲ್ಲ ಕಡೆ ಹುಡುಕಿದೆವು. ಹೆಡ್‌ಮಾಸ್ತರು ಬಂದು, "ಬಾಗಿಲು ಹಾಕಿ. ಒಬ್ಬೊಬ್ಬರ ಚೀಲ, ಜೇಬು ನೋಡೇಬಿಡೋಣ," ಎಂದರು.

ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಳು. "ಬೇಡಿ ಸಾರ್. ಹೋಗಿರೋದು ನಂದು. ಇಷ್ಟು ಮಕ್ಕಳನ್ನ ಕಳ್ಳರ ಥರ ನಿಲ್ಲಿಸೋಕೆ ನಾನು ಅದನ್ನ ತರ್ಲಿಲ್ಲ."

ಜೀಪಿನಲ್ಲಿ ಬರುವಾಗ ಅವಳ ಕಣ್ಣು ತುಂಬಿದ್ದನ್ನು ನಾನು ಕಂಡೆ. ಮರುದಿನ ತರಗತಿಗೆ ಬಂದವಳು ಸೀಮೆಸುಣ್ಣ ತೆಗೆದುಕೊಂಡು, ಕಪ್ಪುಹಲಗೆಯ ತುಂಬ ಆ ನಾಣ್ಯವನ್ನು ಬಂಡಿಯ ಗಾಲಿಯಷ್ಟು ದೊಡ್ಡದಾಗಿ ಬರೆದಳು. ಒಂದು ಕಡೆ ಸಿಂಹ, ಇನ್ನೊಂದು ಕಡೆ ಹಳಗಾಲದ ಕನ್ನಡದ ದುಂಡು ಅಕ್ಷರಗಳಲ್ಲಿ 'ಶ್ರೀ ತಲಕಾಡುಗೊಂಡ', ಅಂದರೆ ತಲಕಾಡನ್ನು ಗೆದ್ದ ಅರಸ. ಒಂದೊಂದೇ ಅಕ್ಷರ ತೋರಿಸಿ ಓದಿಸಿದಳು. ಅಂಗೈಯಲ್ಲಿದ್ದಾಗ ನಮಗೆ ಕಾಣದೇ ಹೋದ ಅಕ್ಷರಗಳವು. ಮುಂದೆ ಪ್ರತಿವರ್ಷವೂ ಹಾಗೇ ಬರೆದಳು. ನಾಣ್ಯ ಮಾತ್ರ ಸಿಗಲೇ ಇಲ್ಲ.

ಸುದ್ದಿ ತಿಳಿದು ದೊಡ್ಡಪ್ಪ ಬೇಲೂರಿಗೆ ಓಡಿಬಂದರು. "ತೋಟ ಬಿಟ್ಟು ತಗೊಂಡಿದ್ದು ಕಣೇ ಅದು!"

"ಗೊತ್ತಣ್ಣ," ಎಂದಳು ಅತ್ತೆ. "ಗೂಡಲ್ಲಿದ್ದಾಗ ಅದನ್ನ ನೋಡಿದ್ದು ನಾವು ನಾಲ್ಕು ಜನ. ಕಾಫಿ ಕುಡೀತೀಯಾ?"

ನಿವೃತ್ತಿಯಾದ ಮೇಲೆ ಉಳಿದ ನಾಣ್ಯಗಳನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟು ಅರಸೀಕೆರೆಗೆ ಬಂದಳು. ಕೆಲವು ವರ್ಷಗಳಲ್ಲಿ ಅಲ್ಲೇ ತೀರಿಕೊಂಡಳು. ಅಷ್ಟರಲ್ಲಿ ಹಳೆಯ ಮನೆಯ ಅರ್ಧ ಕೆಡವಿ ಅಂಗಡಿಸಾಲು ಎದ್ದಿತ್ತು, ಹಿತ್ತಲಷ್ಟೇ ಉಳಿದಿತ್ತು. ಅವಳು ತೀರಿಕೊಂಡ ದಿನ ಬಿಕ್ಕೋಡಿನಿಂದ ಒಂದು ಜೀಪು ಬಂತು. ಇಳಿದವರಲ್ಲಿ ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು, "ಮೇಡಂ ಬರೆದಿದ್ದು ಇನ್ನೂ ಕಣ್ಣಲ್ಲೇ ಐತೆ," ಎನ್ನುತ್ತಾ ಕುಕ್ಕರಗಾಲಲ್ಲಿ ಕುಳಿತು, ಹಿತ್ತಲ ಮಣ್ಣಿನಲ್ಲಿ ಬೆರಳಿನಿಂದ ಆ ದುಂಡು ಅಕ್ಷರಗಳನ್ನು ಒಂದೂ ತಪ್ಪದೆ ಬರೆದಳು. ದೊಡ್ಡಪ್ಪ ಕೋಲೂರಿಕೊಂಡು ಬಂದು, ಬಗ್ಗಿ ಬಹಳ ಹೊತ್ತು ನೋಡಿದರು. ಆ ಹಳೆಯ ಅಕ್ಷರ ಓದಲು ಅವರಿಗೆ ಬರುತ್ತಿರಲಿಲ್ಲ. ಆಮೇಲೆ, ಅತ್ತೆಯನ್ನು ಎತ್ತಲು ಜನ ಒಳಗಿನಿಂದ ಬಂದಾಗ, ಅದರ ಮೇಲೆ ಯಾರೂ ಕಾಲಿಡದಂತೆ ಕೋಲನ್ನು ಅಡ್ಡ ಹಿಡಿದು ನಿಂತರು.