ಎರಡನೇ ಪಾಳಿಯ ಅಂಕಗಳು

ನಾಚಾರಂನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೋಲ್ಟು, ಬುಷ್ಷುಗಳನ್ನು ಅಳೆದು ಪಾಸು, ಫೇಲು ಮಾಡಿದವನು ನಾನು. ಅಳತೆಯ ಗೇಜಿಗೆ ಕೂತರೆ ಮಾಲು, ಕೂರದಿದ್ದರೆ ಗುಜರಿ. ಅದೇ ಬುಟ್ಟಿಯಲ್ಲಿ ಉಳಿದವು ಹೇಗಿವೆ ಎಂದು ಯಾರೂ ಕೇಳುವುದಿಲ್ಲ. ಈ ವಿದ್ಯೆಯನ್ನು ಮನೆಗೂ ತಂದದ್ದು ನನ್ನ ತಪ್ಪು.

ಮಗಳು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಮೊದಲ ಸುತ್ತು ಬರೆದಳು. ಒಂದೇ ಪರೀಕ್ಷೆ, ಆದರೆ ಹಲವು ದಿನ, ದಿನಕ್ಕೆರಡು ಪಾಳಿ, ಪ್ರತಿ ಪಾಳಿಗೂ ಬೇರೆ ಪ್ರಶ್ನೆಪತ್ರಿಕೆ. ಇವಳದು ಮಧ್ಯಾಹ್ನದ ಎರಡನೇ ಪಾಳಿ. ನನ್ನ ಜೊತೆ ಕೆಲಸ ಮಾಡುವ ವಿಜಯಪುರದ ಗೆಳೆಯನ ಮಗಳದು ಮರುದಿನ ಬೆಳಗಿನದು. ಸರಿಯುತ್ತರಗಳು ಪ್ರಕಟವಾದ ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಉತ್ತರಗಳ ಹಾಳೆ ಹರಡಿ, ಕಾರ್ಖಾನೆಯಲ್ಲಿ ಕೆಟ್ಟ ಮಾಲಿಗೆ ಗುರುತು ಹಾಕುವ ಕೆಂಪು ಪೆನ್ಸಿಲಿನಿಂದಲೇ ಅವಳ ತಪ್ಪುಗಳಿಗೆಲ್ಲ ಗೀಟು ಎಳೆದೆ. ಅವಳು ಎದುರಿಗೆ ನಿಂತಿದ್ದಳು. ಕೂರು ಎಂದೂ ಹೇಳಲಿಲ್ಲ. ಗೆಳೆಯನಿಗೆ ಫೋನು ಮಾಡಿದರೆ ಅವನ ಮಗಳಿಗೆ ಇಪ್ಪತ್ತು ಅಂಕ ಹೆಚ್ಚು.

“ನಮ್ಮ ಪಾಳಿ ಪೇಪರ್ ಭಾಳ ಕಠಿಣ ಇತ್ತರಿ ಅಪ್ಪಾಜಿ. ಬರೇ ಅಂಕ ನೋಡೂದಿಲ್ಲ ಅವರು,” ಎಂದಳು.

“ಪೇಪರ್ ಮ್ಯಾಲೆ ಹಾಕಬ್ಯಾಡ. ನಿನ್ನ ಕೈಲೆ ಆಗಲಿಲ್ಲ, ಅಷ್ಟ,” ಎಂದೆ. ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಎರಡನೇ ಸುತ್ತು ಬರೆದು ಏನು ಉದ್ಧಾರವಾಗುತ್ತೀ, ಸುಮ್ಮನೆ ಬಿ.ಎಸ್ಸಿ. ಸೇರು ಎಂದುಬಿಟ್ಟೆ. ಅವಳು ಪುಸ್ತಕಗಳನ್ನು ರಟ್ಟಿನ ಡಬ್ಬಿಗೆ ತುಂಬಿದಳು.

ಹತ್ತು ದಿನಕ್ಕೆ ಫಲಿತಾಂಶ ಬಂತು. ಗೆಳೆಯನ ಮಗಳಿಗಿಂತ ನನ್ನ ಮಗಳ ಪರ್ಸೆಂಟೈಲ್ ಮೇಲಿತ್ತು. ಎಲ್ಲೋ ತಪ್ಪಾಗಿರಬೇಕು ಎಂದು ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಗೆಳೆಯನೊಡನೆ ನಾನೇ ವಾದಕ್ಕಿಳಿದೆ. ಕೊನೆಗೆ ಗೆಳೆಯ ಊಟದ ಡಬ್ಬಿ ಪಕ್ಕಕ್ಕಿಟ್ಟು ತಿಳಿಸಿ ಹೇಳಬೇಕಾಯಿತು. ಪರ್ಸೆಂಟೈಲ್ ಎಂದರೆ ನೂರಕ್ಕೆ ಎಷ್ಟು ಅಂಕ ಬಂತು ಎಂದಲ್ಲ. ಅದೇ ಪಾಳಿಯಲ್ಲಿ ಬರೆದ ನೂರು ಮಂದಿಯಲ್ಲಿ ಎಷ್ಟು ಮಂದಿ ನಿನ್ನಷ್ಟೇ ಅಥವಾ ನಿನಗಿಂತ ಕಡಿಮೆ ತೆಗೆದರು ಎಂದು. ಕಠಿಣ ಪೇಪರಿನಲ್ಲಿ ಎಲ್ಲರೂ ಮುಗ್ಗರಿಸಿದಾಗ ಕಡಿಮೆ ಅಂಕವೂ ಮೇಲೆ ನಿಲ್ಲುತ್ತದೆ. ಅಂದರೆ ಇಲ್ಲಿ ಬುಟ್ಟಿಯೇ ಗೇಜು. ಮಗಳು ಕಟ್ಟೆಯ ಮುಂದೆ ನಿಂತು ಹೇಳಲು ಹೊರಟಿದ್ದು ಇದನ್ನೇ.

ಅವಳು ಬಯಸಿದ ಕಾಲೇಜಿಗೆ ಆ ಪರ್ಸೆಂಟೈಲ್ ತುಸುವೇ ಸಾಲದಾಗಿತ್ತು. ಇನ್ನೊಮ್ಮೆ ಬರೆದರೆ ಎರಡರಲ್ಲಿ ಉತ್ತಮವಾದದ್ದನ್ನು ಹಿಡಿಯುತ್ತಾರೆ. ಎರಡನೇ ಸುತ್ತಿನ ಅರ್ಜಿಗೆ ಇನ್ನೂ ಎರಡು ದಿನವಿತ್ತು. ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ. ನನ್ನದು ತಪ್ಪಾಯಿತು, ಫಾರ್ಮು ತುಂಬು ಎಂದು ಅವಳ ಕೈ ಹಿಡಿದು ಕೇಳಿಕೊಂಡೆ. ನಾಚಿಕೆಯಿಂದ ಮುಖ ನೋಡಲಾಗಲಿಲ್ಲ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ಬ್ಯಾಡ್ರಿ ಅಪ್ಪಾಜಿ,” ಎಂದಳು. “ಪರೀಕ್ಷಾ ಅಂದ್ರ ನಂಗ ಅಂಜಿಕಿ ಇಲ್ಲ. ಬರದು ಬಂದಮ್ಯಾಲೆ ನಿಮ್ಮ ಮುಂದ ನಿಲ್ಲೂದು ನನ್ನ ಕೈಲೆ ಆಗೂದಿಲ್ಲ.”

ಎರಡು ದಿನವೂ ಆ ರಟ್ಟಿನ ಡಬ್ಬಿ ಮುಚ್ಚಿಯೇ ಇತ್ತು. ಈಗ ಉಪ್ಪಲ್‌ನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅಂಕಪಟ್ಟಿ ಬಂದರೆ ಅವ್ವನಿಗೆ ತೋರಿಸುತ್ತಾಳೆ.