ಹಾಳೆಯಲ್ಲಿ ಇಲ್ಲದ ಸಾಲು

ಪಂಪು ನಡೆಸುತ್ತಿದ್ದ ಶರಣಪ್ಪ ಕಾಕಾ ಸೂಚನೆಯ ಹಾಳೆ ಓದದೆ, ಹಳೆಯ ರೂಢಿಯಂತೆ ಚಾಲೂ ಮಾಡಿ ಪಂಪು ಸುಟ್ಟರು—ತಾಂಡೂರಿನ ನಮ್ಮ ಕಾರ್ಖಾನೆಯಲ್ಲಿ ಇಂದಿಗೂ ಹೀಗೇ ಹೇಳುತ್ತಾರೆ. ಸುಳ್ಳು. ಅವರು ಓದಿದ್ದರು. ಓದಿದ್ದಕ್ಕೇ ಪಂಪು ಹೋಯಿತು. ಆ ಹಾಳೆಯಿಂದ ಒಂದು ಸಾಲು ತೆಗೆದುಹಾಕಿದವಳು ನಾನು.

ಕಾರ್ಖಾನೆಗೆ ಅದರದೇ ಒಂದು ಸಣ್ಣ ವಿದ್ಯುತ್ ಸ್ಥಾವರವಿದೆ. ಬಾಯ್ಲರಿಗೆ ನೀರು ತಳ್ಳುವ ಹೊಸ ಪಂಪು ಫ್ರಾನ್ಸಿನಿಂದ ಬಂತು, ಜೊತೆಗೆ ಫ್ರೆಂಚ್ ಪುಸ್ತಕ. ನಾನು ನಾರಾಯಣಖೇಡದವಳು, ಹೈದರಾಬಾದಿನಲ್ಲಿ ಫ್ರೆಂಚ್ ಕಲಿತವಳು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದವಳು. ನಮ್ಮದು ಗಡಿಯ ಊರು, ಪಂಪು ನಡೆಸುವವರು ಕನ್ನಡದವರು; ಅವರಿಗಾಗಿ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವ ಕೆಲಸ ನನ್ನದು. ಒಂದೇ ಒಂದು ಸಾಲು ನನಗೆ ಬಗೆಹರಿಯಲಿಲ್ಲ—‘ಮೊದಲು ಕನಿಷ್ಠ ಹರಿವಿನ ಕೊಳವೆ ತೆರೆಯಿರಿ’. ಶಬ್ದಗಳ ಅರ್ಥ ಗೊತ್ತಿತ್ತು, ವಸ್ತು ಯಾವುದೆಂದು ಗೊತ್ತಿರಲಿಲ್ಲ. ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆಮೇಲೆ ನೋಡಿದರೆ ಅದು ನನ್ನ ಅಜ್ಞಾನದ ಜಾಹೀರಾತಿನಂತೆ ಕಂಡಿತು. ಚಿಹ್ನೆ ಅಳಿಸಿದೆ. ಸಾಲನ್ನೂ.

ಪಂಪುಮನೆಯಲ್ಲಿ ಹಾಳೆ ಓದಿ ಹೇಳಿದ ದಿನ ಕಾಕಾ ಕೇಳಿದರು: “ಯವ್ವಾ, ನೀರಿನ ಟಾಕಿಗೆ ವಾಪಸ್ ಹೋಗೋ ನಳ ಮೊದಲ ಬಿಚ್ಚಬೇಕಲ್ಲ? ಅದು ಇದರಾಗ ಇಲ್ಲಲ್ಲ.”

ಅದೇ ನಾನು ಅಳಿಸಿದ ಸಾಲು. ಆ ಕ್ಷಣವೇ ಹೊಳೆಯಿತು. ಹೌದು ಕಾಕಾ, ಬಿಟ್ಟುಹೋಗಿದೆ ಎಂದಿದ್ದರೆ—

ಅನ್ನಲಿಲ್ಲ. ಬದಲಿಗೆ ಕೇಳಿದೆ: “ಪಂಪು ಮಾಡಿದವರ ಪುಸ್ತಕ ಖರೆನೋ, ನಿಮ್ಮ ಹಳೆ ಪಂಪಿನ ರೂಢಿ ಖರೆನೋ? ರೂಢಿನೇ ಖರೆ ಅಂದ್ರ ಈ ಹಾಳಿ ಯಾತಕ್ಕ ಬೇಕ್ರಿ, ಕಾಕಾ?”

“ಕಾಕಾ ಫ್ರಾನ್ಸಿನವರಿಗೇ ಪಾಠ ಹೇಳಾಕ ಹೊಂಟಾರ,” ಎಂದ ಫಿಟ್ಟರ್ ಒಬ್ಬ. ಎಲ್ಲರೂ ನಕ್ಕರು.

“ಆತು ತಗೋ ಯವ್ವಾ. ನೀ ಓದಿದಾಕಿ.”

ಗೆದ್ದೆ.

ಮರುವಾರ ಅವರು ಹಾಳೆಯಲ್ಲಿದ್ದಂತೆಯೇ ಮಾಡಿದರು. ಆ ನಳ ಮುಚ್ಚಿಯೇ ಇತ್ತು. ಸುತ್ತಿ ಟಾಕಿಗೆ ಮರಳಬೇಕಿದ್ದ ನೀರು ಒಳಗೇ ಕುದಿಯಿತು, ಪಂಪು ತಿರುಗದೆ ಬಿಗಿದುಕೊಂಡು ಸುಟ್ಟಿತು. ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಹಾಳೆ ಬರೋಬರ್ ಇತ್ತೇನ್ರಿ?”

“ಇತ್ತ್ರಿ.”

ಫ್ರೆಂಚ್ ಪುಟದ ಜೊತೆ ಅದನ್ನು ಹೋಲಿಸಿ ನೋಡಬಲ್ಲವರು ಅಲ್ಲಿ ನಾನೊಬ್ಬಳೇ. ಕಾಕಾ ಎದುರಿಗೇ ಕೂತಿದ್ದರು, ನೆಲ ನೋಡುತ್ತಾ. ಹಾಳೆ ಓದದೆ ನಡೆಸಿದರೆಂದು ಅವರನ್ನು ಪಂಪುಮನೆಯಿಂದ ತೆಗೆದು ಗೇಟಿಗೆ ಹಾಕಿದರು. ನಾಲ್ಕು ವರ್ಷವಾಯಿತು. ಈಗಲೂ ತಮ್ಮೂರು ಪೆದ್ದೆಮುಲ್‌ನಿಂದ ಬಂದು ಲಾರಿಗಳಿಗೆ ಗೇಟು ತೆಗೆಯುತ್ತಾರೆ. ನಾನು ಒಳಗೆ ಹೋಗುವಾಗ “ಬರ್ರಿ ಮೇಡಂ” ಎನ್ನುತ್ತಾರೆ. ಯವ್ವಾ ಎನ್ನುವುದಿಲ್ಲ.

ಇವತ್ತು ಆ ಫ್ರೆಂಚ್ ಪುಟ, ಅದರ ಸರಿಯಾದ ಅನುವಾದ, ನನ್ನ ಸಹಿ—ಮೂರನ್ನೂ ಮ್ಯಾನೇಜರಿಗೆ ಕೊಟ್ಟು ಬಂದೆ. ಎದೆ ಹಗುರಾಗುತ್ತದೆ ಅಂತಾರೆ. ಹಗುರಾಗಲಿಲ್ಲ, ಭಾರವೂ ಆಗಲಿಲ್ಲ. ಏನೂ ಆಗಲಿಲ್ಲ.

ಒಂದು ಮಾತು ಮಾತ್ರ ಕೇಳುವುದಿದೆ, ಕಾಕಾ. ಆ ದಿನ ನೀವು ಕೇಳಿದ್ದು, ನಾನು ಬಾಯಿ ಮುಚ್ಚಿಸಿದ್ದು—ಎಲ್ಲ ನಿಮಗೆ ನೆನಪಿತ್ತು. ಆದರೂ ವಿಚಾರಣೆಯಲ್ಲಿ ಸುಮ್ಮನಿದ್ದಿರಿ. ನನ್ನನ್ನು ಉಳಿಸಲಿಕ್ಕೋ, ಅಥವಾ ಬಾಯಿ ತೆಗೆದರೆ ನಾನು ಮತ್ತೊಮ್ಮೆ ಗೆಲ್ಲುತ್ತೇನೆಂದೋ?